ಮಾತ್ರೆಯ ಕಪ್ಪು

ನಮ್ಮಕ್ಕನ ಕೈಗೆ ಒಂದು ಹನಿ ರಕ್ತ ಸಿಕ್ಕರೆ ಸಾಕಿತ್ತು, ಆ ಮನುಷ್ಯನ ಜಾತಕವನ್ನೇ ಬಿಚ್ಚಿಡುತ್ತಿದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಇಪ್ಪತ್ತಾರು ವರ್ಷ ಕೂತವಳು. ಕೆಂಪು ಕಣ ಚಿಕ್ಕದಾಗಿ ಬಿಳಿಚಿದ್ದರೆ ಕಬ್ಬಿಣ ಸಾಲದು, ದೊಡ್ಡದಾಗಿದ್ದರೆ ಬಿ ಹನ್ನೆರಡು ಸಾಲದಿರಬಹುದು. ಚಿಕ್ಕದಿದ್ದೂ ಸಂಖ್ಯೆ ಜಾಸ್ತಿಯಿದ್ದರೆ ಅದು ಅಪ್ಪ ಅಮ್ಮನಿಂದ ಬಂದದ್ದೋ ಏನೋ, ಇನ್ನೊಂದು ಪರೀಕ್ಷೆ ಬೇಕು. ರಕ್ತ ಕಡಿಮೆ ಎಂದಷ್ಟೇ ಬರೆದು ಮಾತ್ರೆ ಕೊಡುವ ಎಳೆ ಡಾಕ್ಟರುಗಳಿಗೆ ಮುಖ ಮೂತಿ ನೋಡದೆ ಉಗಿಯುತ್ತಿದ್ದಳು. "ವಯಸ್ಸಾದ ಗಂಡಸಿಗೆ ಕಬ್ಬಿಣ ಕಡಿಮೆ ಅಂದ್ರೆ ರಕ್ತ ಎಲ್ಲೋ ಸೋರ್ತಿದೆ ಅಂತ. ಮೊದಲು ತೂತು ಹುಡುಕಿ."

ಅಂಥವಳ ಮನೆಯಲ್ಲೇ ಭಾವ ಬಿಳಿಚಿಕೊಂಡರು. ಶಾಲೆಯ ಬಸ್ಸು ಓಡಿಸುವವರು, ಐವತ್ತೆಂಟು ವಯಸ್ಸು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಅಕ್ಕ ಅವರನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ತಾನೇ ರಕ್ತ ತೆಗೆದಳು. ಹಿಮೋಗ್ಲೋಬಿನ್ ಎಂಟು, ಕಬ್ಬಿಣದ ದಾಸ್ತಾನು ತಳ ಕಂಡಿತ್ತು. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿಸಬೇಕಿತ್ತು. "ಆ ಪೈಪು ನುಂಗೋ ಬದಲು ಬಸ್ಸೇ ನುಂಗ್ತೀನಿ" ಎಂದರು ಭಾವ. ಅಕ್ಕ ನಕ್ಕು, ಮಾತ್ರೆ ತಂದುಕೊಟ್ಟಳು. ಆ ನಗು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಊರಿಗೆಲ್ಲ ಬುದ್ಧಿ ಹೇಳುವವಳಿಗೆ ಗಂಡನ ವಿಷಯದಲ್ಲಿ ಹೆದರಿಕೆಯಾಗಿತ್ತು, ಅಷ್ಟೇ.

ವಾರ ಕಳೆದು ಭಾವ ಟಾಯ್ಲೆಟ್ಟಿನಿಂದ ಬಂದು, "ಕಪ್ಪಗೆ ಹೋಗ್ತಿದೆ ಕಣೇ, ಟಾರಿನ ಹಾಗೆ" ಎಂದರು.

"ಕಬ್ಬಿಣದ ಮಾತ್ರೆ ತಗೊಂಡ್ರೆ ಹಾಗೇ. ಸುಮ್ನಿರಿ."

ಮಾತು ಸುಳ್ಳಲ್ಲ. ಆದರೆ ಹೊಟ್ಟೆಯೊಳಗೆ ಸೋರಿದ ರಕ್ತವೂ ಕಪ್ಪಗೇ ಹೋಗುತ್ತದೆ, ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ತಿಂಗಳ ಮೇಲೆ ಹಿಮೋಗ್ಲೋಬಿನ್ ಏಳೂವರೆಗೆ ಇಳಿದಾಗ, ಮಾತ್ರೆ ಎಸೀತಿದೀರಿ ಎಂದು ಭಾವನ ಮೇಲೆ ಹರಿಹಾಯ್ದಳು. ಪಾಪ, ಅವರು ದಿನಾ ಅವಳೆದುರೇ ನುಂಗಿ, ಬಾಯಿ ತೆರೆದು ತೋರಿಸತೊಡಗಿದರು.

ಮೂರನೇ ತಿಂಗಳಲ್ಲಿ ಒಂದು ದಿನ, ಮಕ್ಕಳನ್ನೆಲ್ಲ ಇಳಿಸಿದ ಮೇಲೆ ಭಾವ ಸೀಟಿನಲ್ಲೇ ಕುಸಿದರು. ಆಸ್ಪತ್ರೆಯಲ್ಲಿ ಕ್ಯಾಮೆರಾ ಇಳಿಸಿದಾಗ ಜಠರದಲ್ಲಿ ಗಡ್ಡೆ ಕಂಡಿತು. ಕ್ಯಾನ್ಸರ್ ಎಂದು ರಿಪೋರ್ಟು ಬಂದ ದಿನ ನಾನೂ ಜೊತೆಗಿದ್ದೆ.

"ಕಪ್ಪಗೆ ಹೋಗೋದು ಯಾವಾಗಿಂದ?" ಡಾಕ್ಟರು ಕೇಳಿದರು.

ಭಾವ ಅಕ್ಕನ ಕಡೆ ನೋಡದೆ, "ಗಮನಿಸಲೇ ಇಲ್ಲ ಡಾಕ್ಟ್ರೇ, ನಂದೇ ಸೋಮಾರಿತನ" ಎಂದರು.

"ಸುಳ್ಳು. ಮೂರು ತಿಂಗಳಿಂದ" ಎಂದಳು ಅಕ್ಕ. "ಆಗ್ಲೇ ನಂಗೆ ಹೇಳಿದ್ರು. ನಾನೇ ಮಾತ್ರೆಯಿಂದ ಅಂದೆ."

ಡಾಕ್ಟರು ಗಡ್ಡೆ ಲಿವರಿಗೂ ಹರಡಿದೆಯೇ ನೋಡಬೇಕೆಂದು ಸ್ಕ್ಯಾನಿಗೆ ಚೀಟಿ ಬರೆದು ಅಕ್ಕನತ್ತ ಚಾಚಿದರು. ಅಕ್ಕ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ನನ್ನ ಕೈಗೆ ಬೇಡ" ಎಂದಳು. "ನಮ್ಮ ತಮ್ಮನ ಹತ್ರ ಕೊಡಿ."