ಹೆಸರುಕಾಳಿನ ತಿಳಿ

ಬಸವೇಶ್ವರನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಚೀನೀ ವೈದ್ಯ ಮಾಡುತ್ತೇನೆ. ಮಂಡಿನೋವು, ಸೊಂಟನೋವಿನವರು, ನಿದ್ದೆ ಬಾರದವರು ಬರುತ್ತಾರೆ. ಸೂಜಿ ಚುಚ್ಚಿಸಿಕೊಂಡು ಏಳುವಾಗ ಒಬ್ಬರಲ್ಲ ಒಬ್ಬರು ಕೇಳುತ್ತಾರೆ: "ಮೇಡಂ, ಮೈಯಲ್ಲಿರೋ ವಿಷ ಎಲ್ಲಾ ಹೊರಗೆ ಹೋಗೋಕೆ ಏನಾದ್ರೂ ಕೊಡಿ." ಯಾವ ವಿಷ, ಯಾವಾಗ ನುಂಗಿದಿರಿ ಎಂದರೆ ನಕ್ಕುಬಿಡುತ್ತಾರೆ. ಹೇಳಿ ಹೇಳಿ ನನಗೆ ಸಾಕಾಗಿದೆ.

ನನಗೆ ಕಲಿಸಿದ ಮೇಷ್ಟರು ವಿಷದ ಪಾಠ ಬಂದಾಗ ಮಾತ್ರ ಬಹಳ ನಿಧಾನವಾಗಿ ಮಾತಾಡುತ್ತಿದ್ದರು. ಚೀನಾದ ಹಳೆಯ ವೈದ್ಯರು ವಿಷ ನುಂಗಿದವನನ್ನು ಕಂಡರೆ, ಅದು ಈಗ ಒಳಗೆ ಎಲ್ಲಿದೆ ಎಂದು ಮೊದಲು ಯೋಚಿಸುತ್ತಿದ್ದರಂತೆ. ಜಠರದಲ್ಲಿದ್ದರೆ ವಾಂತಿ ಮಾಡಿಸಿ ಮೇಲಿಂದ ತೆಗೆಯುವುದು, ಕರುಳಿಗೆ ಇಳಿದಿದ್ದರೆ ಭೇದಿಗೆ ಕೊಟ್ಟು ಕೆಳಗಿಂದ ಕಳಿಸುವುದು. ಅದಕ್ಕೂ ಜಗ್ಗದೆ ಉಳಿದದ್ದನ್ನು ಸಮಾಧಾನ ಮಾಡಬೇಕು. ಅದಕ್ಕೆ ಹೆಸರುಕಾಳು, ಜೇಷ್ಠಮಧು ಕುದಿಸಿದ ಕಷಾಯ. ಒಂದು ಉರಿ ತಣಿಸುತ್ತದೆ, ಇನ್ನೊಂದು ವಿಷದ ಸಿಟ್ಟು ಇಳಿಸುತ್ತದೆ ಎಂಬುದು ಅವರ ನಂಬಿಕೆ. ಇಷ್ಟೆಲ್ಲ ಹೇಳಿ ಮೇಷ್ಟರು, "ಇದು ತಿಳಿದಿರಲಿ ಅಷ್ಟೇ. ಮಾಡೋಕೆ ಹೋಗ್ಬೇಡಿ, ಆಸ್ಪತ್ರೆಗೆ ಓಡಿ" ಎನ್ನುತ್ತಿದ್ದರು.

ಆ ಓಟ ನಮ್ಮ ಮನೆಯಿಂದಲೇ ಶುರುವಾಗಬೇಕೇ!

ನಮ್ಮ ಬೀದಿಗೆ ಮೊಪೆಡ್ ಮೇಲೆ ಫಿನಾಯಿಲ್ ಮಾರುವವನು ಬರುತ್ತಾನೆ. ಬಾಟ್ಲಿ ನಾವೇ ಒಯ್ಯಬೇಕು. ನಮ್ಮ ಅತ್ತೆ ಬಾಟ್ಲಿ ಬಿಸಾಡುವ ಪೈಕಿಯವರಲ್ಲ, ಜ್ಯೂಸಿನ ಬಾಟ್ಲಿಗಳನ್ನೆಲ್ಲ ತೊಳೆದು ಜೋಡಿಸಿಡುತ್ತಾರೆ. ಪಕ್ಕದ ಮನೆ ಆಂಟಿ ಬೆಣ್ಣೆ ತೆಗೆದ ದಿನ ಮಜ್ಜಿಗೆ ಕಳಿಸುವುದೂ ಅವೇ ಬಾಟ್ಲಿಗಳಲ್ಲಿ. ಒಂದು ಸೋಮವಾರ ಲಿಂಗಪೂಜೆ ಮುಗಿಸಿ, ಖಾಲಿ ಹೊಟ್ಟೆಯಲ್ಲಿ ಅಡುಗೆಮನೆಗೆ ಬಂದ ಅತ್ತೆ, ಕಟ್ಟೆಯ ಮೇಲಿದ್ದ ಬಾಟ್ಲಿಯಿಂದ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದರು. ಮಜ್ಜಿಗೆಯಂತೆ ಬೆಳ್ಳಗಿತ್ತು. ನೆಗಡಿಯಾಗಿ ಮೂಗು ಕಟ್ಟಿತ್ತು. ಬೆಳಿಗ್ಗೆ ಆ ಬಾಟ್ಲಿಗೆ ಫಿನಾಯಿಲ್ ತುಂಬಿಸಿಕೊಂಡು ಬಂದು ಅಲ್ಲಿಟ್ಟವರೂ ಅವರೇ.

ಕೆಮ್ಮು ಕೇಳಿ ನಾನು ಓಡಿದೆ, ಪಕ್ಕದ ಆಂಟಿಯೂ ಬಂದರು. ಲೋಟ ಫಿನಾಯಿಲ್ ನಾರುತ್ತಿತ್ತು.

"ಉಪ್ಪು ನೀರು ಕುಡಿಸಿ, ವಾಂತಿ ಆಗ್ಲಿ! ನೀವು ಚೀನಾ ಡಾಕ್ಟ್ರಲ್ವಾ, ಒಂದು ಸೂಜಿನಾದ್ರೂ ಚುಚ್ರೀ!"

"ಏನೂ ಬೇಡ ಆಂಟಿ, ಸುಮ್ನಿರಿ! ಆಟೋ ನಿಲ್ಸಿ!" ಎಂದು ಕಿರುಚಿದೆ. ಅತ್ತೆಯ ತೋಳು ಹಿಡಿದು ಬಾಗಿಲಿಗೆ ನಡೆಸಿದೆ.

ವಾಂತಿ ಮಾಡಿಸದೆ ಇದ್ದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಅದು ಶ್ವಾಸಕೋಶಕ್ಕೆ ನುಗ್ಗುತ್ತಿತ್ತು ಎಂದರು ಆಸ್ಪತ್ರೆಯ ಡಾಕ್ಟರು. ಗಂಟಲು ಸುಟ್ಟಿತ್ತು, ಜೀವ ಉಳಿಯಿತು. ಮನೆಗೆ ಕಳಿಸುವಾಗ ನಾನೇ ಕಷಾಯದ ಮಾತೆತ್ತಿದೆ. "ಇವರಿಗೆ ಬಿಪಿ ಇದೆ, ಜೇಷ್ಠಮಧು ಅದನ್ನ ಏರಿಸುತ್ತೆ, ಬೇಡ. ಹೆಸರುಕಾಳಿನ ತಿಳಿ ಆರಿಸಿ ಕೊಡಿ, ಒಳ್ಳೇದೇ" ಎಂದರು ಡಾಕ್ಟರು.

ತಿಳಿಯೇನೋ ಆಯಿತು, ಕುಡಿಯುವವರು ಯಾರು? ಅತ್ತೆ ಲೋಟ ಮೂಗಿನ ಹತ್ತಿರ ತರುತ್ತಿದ್ದರು, ಮೂಸುತ್ತಿದ್ದರು, ಕೆಳಗಿಡುತ್ತಿದ್ದರು. ನೀರೂ ಅಷ್ಟೇ, ಹಾಲೂ ಅಷ್ಟೇ. ಹೆತ್ತ ಮಗ ಕೊಟ್ಟರೂ ಮೂಸುತ್ತಿದ್ದರು. ಕೆನ್ನೆ ಒಳಗೆ ಹೋಯಿತು. ಹೀಗೇ ಆದರೆ ಮತ್ತೆ ಆಸ್ಪತ್ರೆಗೆ ಸೇರಿಸಿಕೊಂಡು ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಎಚ್ಚರಿಸಿದರು. ಕಾಳು ಬೇಯಿಸು, ಸೋಸು, ಆರಿಸು, ಚೆಲ್ಲು. ಹೊರಗೆ ಕೋಣೆಯಲ್ಲಿ ಮಂಡಿನೋವಿನವರು ಕಾಯುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆ ಮೂಸಿ ಲೋಟ ಕೆಳಗಿಟ್ಟಾಗ ನನಗೆ ತಡೆಯಲಾಗಲಿಲ್ಲ.

"ಯಾಕತ್ತೆ? ನಾನೇನು ನಿಮಗೆ ವಿಷ ಹಾಕ್ತೀನಾ? ಇಷ್ಟು ವರ್ಷ ನನ್ನ ಕೈಯಡುಗೆ ಉಂಡಿಲ್ವಾ ನೀವು?"

ಅತ್ತೆ ನನ್ನ ಮುಖ ನೋಡಿದರು. ಸುಟ್ಟ ಗಂಟಲಿನಿಂದ ಮಾತು ಒಡೆದೊಡೆದು ಬಂತು.

"ನಿನ್ ಮೇಲೆ ಅನುಮಾನ ಅಲ್ಲ ಕಣೇ. ಅವತ್ತು ನಾನೇ ಇಟ್ಟೆ, ನಾನೇ ಬಗ್ಗಿಸ್ಕೊಂಡೆ. ನನ್ ಕಣ್ಣೂ ಹೇಳ್ಲಿಲ್ಲ, ಮೂಗೂ ಹೇಳ್ಲಿಲ್ಲ. ಇನ್ನು ನನ್ನನ್ನ ನಾನು ಹೆಂಗೆ ನಂಬಲಿ?"

ನನಗೆ ಅಳು ಬಂತು. ಹೊರಗೆ ಯಾರೋ "ಮೇಡಂ" ಎಂದು ಕೂಗಿದರು. ನಾನು ಲೋಟ ಎತ್ತಿ ಒಂದು ಗುಟುಕು ಕುಡಿದೆ. ಉಪ್ಪಿಲ್ಲ, ಬೆಲ್ಲವಿಲ್ಲ, ಬರೀ ಸಪ್ಪೆ. ಅತ್ತೆ ನನ್ನ ಗಂಟಲನ್ನೇ ನೋಡುತ್ತಿದ್ದರು. ಅದು ಇಳಿದದ್ದು ಖಾತ್ರಿಯಾದ ಮೇಲೆ ಕೈ ಚಾಚಿದರು. ಎಂಜಲು ಲೋಟವನ್ನು ಜನ್ಮದಲ್ಲಿ ಮುಟ್ಟದ ಹೆಂಗಸು, ನಾನು ಬಾಯಿಟ್ಟ ಕಡೆಯೇ ಬಾಯಿಟ್ಟು, ಮೂಸದೆ, ತಳದವರೆಗೂ ಕುಡಿದರು.