ಬಂದರಿನಲ್ಲಿ ಕೇಳಿದ ನಮ್ಮ ಮನೆಯ ಕೂಗು

ಮಂಗಳೂರಿನ ಹಳೆಯ ಕೋಟೆಗೋಡೆಯ ಮರೆಯಲ್ಲಿ ಮಳೆ ಬಿಡಲೆಂದು ನಿಂತಿದ್ದೆ. ಮುದುಕಿಯೊಬ್ಬಳು ಎರಡು ಸಿಳ್ಳೆ ಹಾಕಿ, ಹಸುವನ್ನು ಅದರ ತಾಯಿಯ ಹೆಸರು ಸೇರಿಸಿ ಕರೆದಳು. ಘಟ್ಟದ ಮೇಲಿನ ಎಮ್ಮೆದೊಡ್ಡಿ ಕಾವಲಿನಲ್ಲಿ ದನ ಕಾಯುವ ನಮ್ಮ ಮನೆಯವರಷ್ಟೇ ಹಾಗೆ ಕರೆಯುವುದು.

“ಅಜ್ಜೀ, ಹಿಂಗೆ ಕರೆಯೋದು ಯಾರು ಕಲ್ಸಿದ್ರು?”

“ನನ್ನ ಅಜ್ಜ. ಸುಲ್ತಾನರ ಫಿರಂಗಿ ಎಳೆಯುವ ಎತ್ತುಗಳೊಟ್ಟಿಗೆ ಘಟ್ಟ ಇಳಿದು ಬಂದವರು. ಘಟ್ಟದ ಮೇಲೆ ಉಳಿದಿದ್ದ ಅವರ ಮನೆಯವರೆಲ್ಲ ಮಾರಿಬೇನೆಗೆ ಹೋದರಂತೆ. ಮಹಾಲಯಕ್ಕೆ ಅವರಿಗೂ ಎಡೆ ಇಡ್ತೇವೆ.”

ನಮ್ಮ ಮುತ್ತಜ್ಜನ ತಮ್ಮ ಅದೇ ದಂಡಿನೊಂದಿಗೆ ಹೋದವನು ತಿರುಗಿ ಬಂದಿರಲಿಲ್ಲ. ಯುದ್ಧದಲ್ಲಿ ಸತ್ತನೆಂದು ನಾವೂ ಅವನಿಗೆ ಎಡೆ ಇಡುತ್ತೇವೆ. ಅದನ್ನು ಅವಳಿಗೆ ಹೇಳದೆಯೇ, ಮಳೆ ನಿಲ್ಲುವ ಮೊದಲೇ ಹೊರಟುಬಿಟ್ಟೆ.

ಈಗ ಮಹಾಲಯ ಹತ್ತಿರ ಬಂದಿದೆ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಬದುಕಿರುವ ನಮಗೆ ಆ ಅಜ್ಜಿಯ ಮನೆಯಲ್ಲಿ ಈ ಸಲವೂ ಎಡೆ ಬೀಳುತ್ತದೆ.