ಸೋತಾಗಲೆಲ್ಲ ಕೇಳಿಸಿಕೊಂಡವಳು

ಇದು ನಡೆದದ್ದು ಹೋದ ವರ್ಷ, ಜುಲೈ ತಿಂಗಳ ಶಾಲಾ ರಜೆಯಲ್ಲಿ. ಸಿಡ್ನಿಯಲ್ಲಿ ಅದು ಮೂಗಿನ ತುದಿ ಮರಗಟ್ಟುವ ಚಳಿಯ ಕಾಲ. ಅಂಥ ಚಳಿಯಲ್ಲೂ ಶನಿವಾರ ಬಂತೆಂದರೆ ನಾವು ಕೆಲವು ಕನ್ನಡದ ಅಪ್ಪ ಅಮ್ಮಂದಿರು ವೆಸ್ಟ್‌ಮೀಡ್ ಹತ್ತಿರದ ಮೈದಾನದ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿ, ಫ್ಲಾಸ್ಕಿನ ಕಾಫಿ ಹಿಡಿದು ಕೂರುತ್ತಿದ್ದೆವು. ನನ್ನ ಮಗಳು ದಿಯಾ ಅಲ್ಲಿನ ಹುಡುಗಿಯರ ಫ್ಲ್ಯಾಗ್ ಫುಟ್‌ಬಾಲ್ ಟೀಮಿನಲ್ಲಿ ಆಡುತ್ತಾಳೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಅಮೆರಿಕದವರ ಫುಟ್‌ಬಾಲ್‌ನ ಸಾಧು ರೂಪ. ಇಲ್ಲಿ ಯಾರೂ ಯಾರನ್ನೂ ಕೆಡವುವಂತಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಎದುರಾಳಿ ಕಿತ್ತುಕೊಂಡರೆ ಓಟ ಅಲ್ಲಿಗೆ ಮುಗಿಯಿತು. ಬಾಲನ್ನು ಯಾರಿಗೆ ಎಸೆಯಬೇಕೆಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಿ ಎಸೆಯುವವಳು ಕ್ವಾರ್ಟರ್‌ಬ್ಯಾಕ್. ಹೇಗೆ ಆಡಬೇಕೆಂದು ಹೊರಗೆ ನಿಂತು ಹೇಳುವವರು ಕೋಚ್. ಗೆದ್ದರೆ ಇಬ್ಬರಿಗೂ ಚಪ್ಪಾಳೆ. ಸೋತರೆ ಯಾರ ತಪ್ಪು ಎನ್ನುವುದೇ ನಮ್ಮ ಕುರ್ಚಿ ಸಾಲಿನ ವಾರವಾರದ ಚರ್ಚೆ. ಸೋಲುವುದರಲ್ಲಿ ನಮ್ಮ ಟೀಮು ಜಿಪುಣತನ ಮಾಡುತ್ತಿರಲಿಲ್ಲವಾದ್ದರಿಂದ ಚರ್ಚೆಗೂ ಬರವಿರಲಿಲ್ಲ.

ನಮ್ಮ ಕ್ವಾರ್ಟರ್‌ಬ್ಯಾಕ್ ಅನಘಾ. ಹದಿನೈದರ ಹುಡುಗಿ, ಉದ್ದನೆಯ ಕೈಗಳು, ಮಾತು ಕಡಿಮೆ. ಅವಳ ಅಪ್ಪ ಶ್ರೀಧರ್ ಮೈಸೂರಿನವರು, ಐಟಿಯಲ್ಲಿ ಕೆಲಸ. ಅಮ್ಮ ಪುಣೆಯವರು. ಹೀಗಾಗಿ ಮನೆಯಲ್ಲಿ ನಡೆಯುವುದು ಇಂಗ್ಲಿಷ್. ಹುಡುಗಿಗೆ ಕನ್ನಡ ಬರುವುದಿಲ್ಲವೆಂದೇ ನಾವೆಲ್ಲ ತಿಳಿದಿದ್ದೆವು. ಅವಳ ಅಪ್ಪನೂ ಹಾಗೇ ತಿಳಿದಿದ್ದರು.

ಚರ್ಚೆ ಶುರುಮಾಡುವವರು ಯಾವಾಗಲೂ ಹುಬ್ಬಳ್ಳಿಯ ಗುರುರಾಜ್. ಅವರ ಮಗಳೂ ಟೀಮಿನಲ್ಲಿದ್ದಳು. "ಹುಡುಗೀದೇನು ತಪ್ಪೈತ್ರೀ? ಆ ಕೋಚ್‌ಗ ಆಟಾನ ತಿಳಿಯಂಗಿಲ್ಲ. ಎದುರಿಗಿನವ್ರು ಎಲ್ಲಾ ಒಂದ ಕಡೆ ನಿಂತಾರ, ಈಕಿ ಅದ ಕಡೆ ಎಸಿ ಅಂತಾಳ!" ಎನ್ನುತ್ತಿದ್ದರು. ಕೋಚ್ ಮೇಗನ್ ಒಬ್ಬ ಶಾಲಾ ಶಿಕ್ಷಕಿ, ಸಂಬಳವಿಲ್ಲದೆ ಬಂದು ಹೇಳಿಕೊಡುವವಳು.

ಶ್ರೀಧರ್ ತಕ್ಷಣ ಕೈ ಅಡ್ಡ ಮಾಡುತ್ತಿದ್ದರು. "ಅಯ್ಯೋ, ಕೋಚ್ ಪಾಪ ಏನ್ಮಾಡ್ತಾರೆ ಗುರು ಅವ್ರೇ. ನಮ್ಮ ಹುಡುಗಿದೇ ತಪ್ಪು. ಗಮನ ಇಲ್ಲ, ಆತುರ ಜಾಸ್ತಿ. ಇವಳ ಜಾಗದಲ್ಲಿ ಬೇರೆ ಯಾರಿದ್ರೂ ಗೆಲ್ಲಿಸ್ತಿದ್ರು."

ಗುರುರಾಜ್ ಬಿಡುತ್ತಿರಲಿಲ್ಲ, ಶ್ರೀಧರ್ ಸೋಲುತ್ತಿರಲಿಲ್ಲ. ಹೊರಗಿನವರು ನೋಡಿದರೆ ಜಗಳವೆಂದೇ ಅನ್ನಬೇಕು. ನಮಗೆ ಮಾತ್ರ ಗೊತ್ತು, ಅದು ಮರ್ಯಾದೆಯ ಪೈಪೋಟಿ. ಇನ್ನೊಬ್ಬರ ಮಗುವನ್ನು ದೂರಬಾರದು, ಹಾಗಾಗಿ ಗುರುರಾಜ್ ಕೋಚ್ ಮೇಲೆ ಹಾಕುತ್ತಿದ್ದರು. ಕಲಿಸುವವರನ್ನು ಆಡಿಕೊಳ್ಳಬಾರದು, ನಮ್ಮ ಮಗುವನ್ನು ನಾವೇ ಹೊಗಳಿಕೊಳ್ಳಬಾರದು, ಹಾಗಾಗಿ ಶ್ರೀಧರ್ ಮಗಳ ಮೇಲೆ ಹಾಕುತ್ತಿದ್ದರು. ನಮ್ಮ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾರಾದರೂ "ನಿಮ್ಮ ಮಗಳು ಜಾಣೆ" ಎಂದರೆ ನನ್ನಮ್ಮ ನನ್ನ ಎದುರಿಗೇ "ಜಾಣೆ ಎಲ್ಲಿಂದ ಬಂತು, ಒಂದು ಲೋಟ ತೊಳೆಯೋಕೆ ಬರಲ್ಲ" ಅನ್ನುತ್ತಿದ್ದಳು.

ಇದೇ ಶ್ರೀಧರ್ ಹಿಂದಿನ ದೀಪಾವಳಿ ಊಟದಲ್ಲಿ ನನ್ನನ್ನು ಬಾಲ್ಕನಿಗೆ ಕರೆದು ಫೋನಿನಲ್ಲಿ ವಿಡಿಯೋ ತೋರಿಸಿದ್ದರು. ಅನಘಾ ಎಸೆದ ಬಾಲು ಮೈದಾನದ ಅರ್ಧ ದಾಟಿ ದಿಯಾಳ ಕೈಗೆ ಬಂದು ಬೀಳುವ ದೃಶ್ಯ. "ನೋಡಿದ್ರಾ ಶಾಲಿನಿ, ಹೇಗೆ ತಿರುಗ್ತಾ ಹೋಗುತ್ತೆ!" ಎನ್ನುವಾಗ ಅವರ ಮುಖದಲ್ಲಿ ಎಂಥ ಬೆಳಕು! ಅಷ್ಟರಲ್ಲಿ ಅನಘಾ ಬಾಗಿಲ ಬಳಿ ಬಂದಳು. ಅವರು ಫೋನನ್ನು ಜೇಬಿಗೆ ಹಾಕಿಕೊಂಡು, "ಹೊಗಳಿದ್ರೆ ತಲೆಗೇರುತ್ತೆ, ದೃಷ್ಟಿ ಬೇರೆ" ಎಂದು ನನಗಷ್ಟೇ ಕೇಳುವಂತೆ ಹೇಳಿ ನಕ್ಕರು. ನನಗೂ ಅದು ಸರಿಯೆಂದೇ ಕಂಡಿತ್ತು.

ರಜೆಯಲ್ಲಿ ಮೆಲ್ಬರ್ನಿನ ವೆರಿಬೀಯಲ್ಲಿ ಒಂದು ಟೂರ್ನಮೆಂಟ್ ಇತ್ತು. ಅದಕ್ಕೆ ಹಿಂದಿನ ಶನಿವಾರ ನಮ್ಮದೇ ಮೈದಾನದ ಪಂದ್ಯದಲ್ಲಿ ಅನಘಾ ಮತ್ತು ಎದುರು ಟೀಮಿನ ಹುಡುಗಿ ಓಡುತ್ತಾ ಬಂದು ಡಿಕ್ಕಿ ಹೊಡೆದರು. ತಲೆಗೆ ತಲೆ ತಾಗಿತು. ಅನಘಾ ಬಿದ್ದಳು, ಕೂಡಲೇ ಎದ್ದಳು. ಮೇಗನ್ ಓಡಿಹೋಗಿ ಏನೇನೋ ಕೇಳಿದಳು. ಅನಘಾ ತಲೆಯಾಡಿಸಿ, ಏನೂ ಆಗಿಲ್ಲವೆಂದು ಹೇಳಿದಳಂತೆ. ಮೇಗನ್ ಆದರೂ ಅವಳನ್ನು ಹೊರಗೆ ಕೂರಿಸಿ ಬೇರೆಯವಳನ್ನು ಆಡಿಸಿದಳು. ಆ ಪಂದ್ಯವನ್ನೂ ಸೋತೆವು.

ಮುಗಿದ ಮೇಲೆ ಚರ್ಚೆ ಎಂದಿನಂತೆ ಕಾವೇರಿತು. ಕ್ವಾರ್ಟರ್‌ಬ್ಯಾಕನ್ನು ಹೊರಗೆ ಕೂರಿಸಿದ್ದೇ ಕೋಚ್ ಮಾಡಿದ ತಪ್ಪೆಂದು ಗುರುರಾಜ್ ಹಟ ಹಿಡಿದರು. ಅನಘಾ ನಮ್ಮ ಕುರ್ಚಿಗಳ ಹಿಂದೆಯೇ ಹುಲ್ಲಿನ ಮೇಲೆ ಕೂತು ಶೂ ಬಿಚ್ಚುತ್ತಿದ್ದಳು. ಶ್ರೀಧರ್ ಹೇಳಿದರು: "ಅಯ್ಯೋ ಬಿಡಿ, ಸೋತಾಗೆಲ್ಲ ಇವಳದ್ದೊಂದು ನೆಪ ಇದ್ದೇ ಇರುತ್ತೆ. ಒಂದ್ಸಲ ಭುಜ ನೋವು, ಒಂದ್ಸಲ ಬಿಸಿಲು. ಇವತ್ತು ಮನೆಗೆ ಹೋಗಿ ತಲೆ ನೋವು ಅಂತಾಳೆ, ಬರೆದಿಟ್ಕೊಳ್ಳಿ."

ಎಲ್ಲರೂ ನಕ್ಕರು. ಅನಘಾ ಶೂಗಳನ್ನು ಚೀಲಕ್ಕೆ ಹಾಕಿಕೊಂಡು ಕಾರಿನ ಕಡೆ ನಡೆದಳು.

ಮೆಲ್ಬರ್ನಿಗೆ ಶ್ರೀಧರ್‌ಗೆ ಬರಲಾಗಲಿಲ್ಲ. ಆಫೀಸಿನಲ್ಲಿ ಆ ವಾರಾಂತ್ಯ ಕೆಲಸವಿತ್ತು. ಅನಘಾ ನಮ್ಮ ಕಾರಿನಲ್ಲೇ ಬಂದಳು. ದಾರಿಯುದ್ದಕ್ಕೂ ಕಿಟಕಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ವೆರಿಬೀ ಹತ್ತಿರದ ಟಾರ್ನೀಟ್‌ನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಇಳಿದುಕೊಂಡೆವು. ತಂಗಿ ಬಿಸಿಬೇಳೆ ಭಾತ್ ಮಾಡಿದ್ದಳು. ಅನಘಾ ಎರಡು ತುತ್ತು ತಿಂದು ತಟ್ಟೆ ಸರಿಸಿ, ಅಡುಗೆಮನೆಯ ದೀಪಕ್ಕೆ ಕೈ ಅಡ್ಡ ಹಿಡಿದಳು. ಹುಷಾರಿಲ್ಲವಾ ಎಂದು ಕೇಳಿದೆ. "ಐ ಆಮ್ ಫೈನ್, ಆಂಟಿ" ಎಂದಳು. ಪಂದ್ಯದ ಆತಂಕವಿರಬೇಕೆಂದು ಸುಮ್ಮನಾದೆ.

ಮರುದಿನ ಬೆಳಿಗ್ಗೆ ವೆರಿಬೀಯ ಮೈದಾನದಲ್ಲಿ ಗಾಳಿ ಎಂದರೆ ಗಾಳಿ. ಮೊದಲ ಪಂದ್ಯದಲ್ಲೇ ಅನಘಾ ಬಾಲನ್ನು ನೇರವಾಗಿ ಎದುರಾಳಿಯ ಕೈಗೆ ಎಸೆದಳು. ಮತ್ತೊಮ್ಮೆ ಎಸೆದದ್ದು ಯಾರೂ ಇಲ್ಲದ ಕಡೆ ಹೋಗಿ ಬಿತ್ತು. "ನೋಡ್ರೀ, ಗಾಳಿ ಎದುರಿಗೆ ಎಸೀ ಅಂತ ಯಾರರ ಹೇಳ್ತಾರೇನ್ರೀ?" ಎಂದು ಗುರುರಾಜ್ ಕುರ್ಚಿಯಿಂದ ಎದ್ದರು. ಪಕ್ಕದವರು ಇವತ್ತು ಹುಡುಗಿಯದೇ ತಪ್ಪು ಎಂದರು. ಹುಡುಗಿಯ ಅಪ್ಪ ಅಲ್ಲಿರಲಿಲ್ಲವಲ್ಲ, ಹಾಗಾಗಿ ಅವರಿಗೆ ಧೈರ್ಯ ಬಂದಿತ್ತು.

ನಾನು ಚರ್ಚೆ ಬಿಟ್ಟು ಅನಘಾಳನ್ನೇ ನೋಡುತ್ತಿದ್ದೆ. ಟೀಮಿನವರೆಲ್ಲ ಬಲಕ್ಕೆ ಹೋಗಿ ನಿಂತರೆ ಅವಳೊಬ್ಬಳು ಎಡಕ್ಕೆ ನಡೆದಳು. ಆಮೇಲೆ ಮೈದಾನದ ನಡುವೆ ನಿಂತು, ಇದು ಯಾವ ಜಾಗ ಎನ್ನುವಂತೆ ಸುತ್ತ ನೋಡಿದಳು. ನಾನು ಏಳುವಷ್ಟರಲ್ಲಿ ಅವಳು ತಾನಾಗಿಯೇ ಅಂಚಿಗೆ ಬಂದು, ಮಂಡಿಯೂರಿ ವಾಂತಿ ಮಾಡಿಕೊಂಡಳು.

ಮೇಗನ್ ಮತ್ತು ನಾನು ಒಟ್ಟಿಗೇ ಓಡಿದೆವು. ಹೋದ ವಾರ ಬಿದ್ದ ಮೇಲೆ ತಲೆ ನೋವಿತ್ತೇ ಎಂದು ಮೇಗನ್ ಇಂಗ್ಲಿಷಿನಲ್ಲಿ ಕೇಳಿದಳು. ಅನಘಾ ಇಲ್ಲವೆಂದು ತಲೆಯಾಡಿಸಿದಳು. ಮೇಗನ್ ಆಂಬುಲೆನ್ಸಿಗೆ ಫೋನ್ ಮಾಡಲು ಎದ್ದು ಹೋದಾಗ ಅನಘಾ ನನ್ನ ಜಾಕೆಟ್ಟಿನ ತೋಳು ಹಿಡಿದುಕೊಂಡಳು.

"ಆಂಟಿ, ಹೋದ ವಾರದಿಂದ ತಲೆ ತುಂಬಾ ನೋಯ್ತಿದೆ. ಅಪ್ಪಂಗೆ ಹೇಳ್ಬೇಡಿ. ನೆಪ ಅಂತಾರೆ."

ಕನ್ನಡದಲ್ಲಿ ಹೇಳಿದಳು. ಅದುವರೆಗೆ ಆ ಹುಡುಗಿಯ ಬಾಯಿಂದ ಒಂದೇ ಒಂದು ಕನ್ನಡದ ಮಾತನ್ನೂ ನಾನು ಕೇಳಿರಲಿಲ್ಲ. ಅವಳನ್ನು ಎದೆಗೆ ಒತ್ತಿಕೊಂಡು ಆಂಬುಲೆನ್ಸ್ ಬರುವವರೆಗೂ ಹಾಗೇ ಕೂತೆ.

ಆಸ್ಪತ್ರೆಯಲ್ಲಿ ಸ್ಕ್ಯಾನ್‌ಗೆ ಕಾಯುವಾಗ ನಿನಗೆ ಕನ್ನಡ ಹೇಗೆ ಗೊತ್ತೆಂದು ಕೇಳಿದೆ. ಮೈಸೂರಿನ ಅಜ್ಜಿ ಭಾನುವಾರ ಭಾನುವಾರ ವಿಡಿಯೋ ಕಾಲ್ ಮಾಡುತ್ತಾರಂತೆ. ಅಜ್ಜಿಗೆ ಇಂಗ್ಲಿಷ್ ಬಾರದು, ಮೊಮ್ಮಗಳಿಗೆ ಅಜ್ಜಿಯನ್ನು ಬಿಟ್ಟಿರಲಾಗದು. ಕೋಣೆಯಲ್ಲಿ ಒಬ್ಬಳೇ ಕೂತು ಮಾತಾಡುತ್ತಾಳಂತೆ, ಅಪ್ಪನಿಗೆ ಹೇಳಬೇಡವೆಂದು ಅಜ್ಜಿಗೂ ಹೇಳಿದ್ದಾಳಂತೆ. ಅಪ್ಪನ ಮುಂದೆ ಮಾತಾಡಲು ನಾಚಿಕೆ, ತಪ್ಪಾದರೆ ಎಲ್ಲರೂ ನಗುತ್ತಾರೆ ಎಂದಳು. ಹಾಗಾದರೆ ನಾವು ಮೈದಾನದಲ್ಲಿ ಆಡುತ್ತಿದ್ದುದೆಲ್ಲ ನಿನಗೆ ತಿಳಿಯುತ್ತಿತ್ತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳೇ ಹೇಳಿದಳು.

"ಗುರು ಅಂಕಲ್ ನಂಗೆ ಬೇಜಾರಾಗ್ಬಾರ್ದು ಅಂತ ಕೋಚ್‌ನ ಬೈತಾರೆ. ಅಪ್ಪ ಸುಳ್ಳು ಹೇಳಲ್ಲ. ಸೋಲೋದು ನನ್ನಿಂದಾನೇ."

"ಹಾಗಲ್ಲ ಕಣೇ. ನಿಮ್ಮಪ್ಪ ಅದನ್ನ ಮನಸ್ಸಿಂದ ಹೇಳೋದಲ್ಲ. ನಮ್ಮ ಕಡೆ ತಂದೆ ತಾಯಿ ಬೇರೆಯವರ ಮುಂದೆ ತಮ್ಮ ಮಕ್ಕಳನ್ನ ಹೊಗಳಲ್ಲ, ಬೈತಾರೆ. ಅದು ನಮ್ಮಲ್ಲಿ ರೂಢಿ" ಎಂದೆ.

"ವೈ?" ಎಂದಳು.

ದೃಷ್ಟಿ ಎನ್ನಲೇ, ಮರ್ಯಾದೆ ಎನ್ನಲೇ, ತಲೆಗೇರುತ್ತೆ ಎನ್ನಲೇ? ಮಣಿಕಟ್ಟಿಗೆ ಆಸ್ಪತ್ರೆಯ ಹೆಸರಿನ ಬ್ಯಾಂಡು ಕಟ್ಟಿಸಿಕೊಂಡು ಆ ಮಗು ಕೈ ಚಾಚಿ ಮಲಗಿತ್ತು. ಸುಮ್ಮನೆ ಅವಳ ಹಣೆ ಸವರಿದೆ.

ಸ್ಕ್ಯಾನ್‌ನಲ್ಲಿ ರಕ್ತಸ್ರಾವವೇನೂ ಕಾಣಲಿಲ್ಲ. ಪೆಟ್ಟಿಗೆ ಮೆದುಳು ಅಲುಗಿದೆ, ಪೂರ್ತಿ ವಿಶ್ರಾಂತಿ ಬೇಕು, ನಾವು ಹೇಳುವವರೆಗೂ ಆಟದ ಮಾತೇ ಬೇಡ ಎಂದರು ಡಾಕ್ಟರ್. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಈ ಸ್ಥಿತಿಯಲ್ಲಿ ತಲೆಗೆ ಇನ್ನೊಂದು ಪೆಟ್ಟು ಬಿದ್ದಿದ್ದರೆ ಪ್ರಾಣಕ್ಕೇ ಅಪಾಯವಿತ್ತು ಎಂದರು.

ಸಿಕ್ಕ ವಿಮಾನ ಹತ್ತಿ ಶ್ರೀಧರ್ ಸಂಜೆಯ ಹೊತ್ತಿಗೆ ಬಂದರು. ಚಿಕ್ಕ ಮಗನಿಗೆ ಜ್ವರವಿದ್ದುದರಿಂದ ಅವರ ಹೆಂಡತಿ ಸಿಡ್ನಿಯಲ್ಲೇ ಉಳಿದಿದ್ದರು. ಕಾರಿಡಾರಿನಲ್ಲೇ ಅವರನ್ನು ತಡೆದು, ಅನಘಾ ಹೇಳಬೇಡಿ ಎಂದಿದ್ದನ್ನು ಹೇಳಿಬಿಟ್ಟೆ. ಹೇಳದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು ಎಂದು ಈಗಲೂ ನನಗನ್ನಿಸುತ್ತದೆ.

"ಅವಳಿಗೆ ಕನ್ನಡ ಬರಲ್ವಲ್ಲ ರೀ..." ಎಂದರು ಶ್ರೀಧರ್.

"ಎಲ್ಲಾ ಬರುತ್ತೆ. ನೀವು ಅಂದಿದ್ದೆಲ್ಲಾ ಅವಳಿಗೆ ಗೊತ್ತು."

ಶ್ರೀಧರ್ ಕನ್ನಡಕ ತೆಗೆದು ಶರ್ಟಿನ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಅಷ್ಟು ದೊಡ್ಡ ಮನುಷ್ಯ ಒಂದೇ ಗಳಿಗೆಯಲ್ಲಿ ಸೊರಗಿದಂತೆ ಕಂಡರು.

ಒಳಗೆ ಮೇಗನ್ ಇದ್ದಳು. ಶ್ರೀಧರ್‌ರನ್ನು ಕಂಡಿದ್ದೇ ಎದ್ದು ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, ಇದು ಪೂರ್ತಿ ತನ್ನ ತಪ್ಪು, ಅವಳು ಸುಮ್ಮನಿದ್ದರೂ ತಾನು ಹೋದ ವಾರವೇ ಡಾಕ್ಟರ್ ಹತ್ತಿರ ಕಳಿಸಬೇಕಿತ್ತು ಎಂದಳು. ಶ್ರೀಧರ್ ಅಭ್ಯಾಸದಂತೆ ಕೈ ಅಡ್ಡ ಮಾಡಿ, "ನೋ ನೋ ಕೋಚ್, ಇಟ್ ಈಸ್ ಹರ್..." ಎಂದು ಶುರುಮಾಡಿದರು. ಅನಘಾ ಕಣ್ಣು ಮುಚ್ಚಿಕೊಂಡಳು.

ಆ ಮಾತು ಅಲ್ಲಿಗೇ ನಿಂತಿತು. ಶ್ರೀಧರ್ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತರು. ಮಗಳ ಕಡೆ ನೋಡಲು ಅವರಿಗೆ ಆಗಲಿಲ್ಲ. ಮಗಳ ಬಗ್ಗೆ ಬೇರೆಯವರ ಹತ್ತಿರ ಹೇಳಿಯೇ ಅಭ್ಯಾಸವಾದ ಮನುಷ್ಯ. ನನ್ನ ಕಡೆ ತಿರುಗಿಕೊಂಡು, ಕನ್ನಡದಲ್ಲಿ, ಬೇಕೆಂದೇ ಸ್ವಲ್ಪ ಜೋರಾಗಿ ಹೇಳತೊಡಗಿದರು.

"ಶಾಲಿನಿ, ಇವಳ ಹಾಗೆ ಬಾಲ್ ಎಸೆಯೋರನ್ನ ನಾನು ನೋಡಿಲ್ಲ ರೀ. ಆ ವಿಡಿಯೋನ ಆಫೀಸಲ್ಲಿ ತೋರಿಸ್ದೇ ಇರೋ ಜನ ಇಲ್ಲ. ಗೆಲ್ಲಲಿ ಸೋಲಲಿ, ನಾನು ಶನಿವಾರ ಬೆಳಿಗ್ಗೆ ಎದ್ದು ಬರೋದು ಇವಳು ಎಸೆಯೋದನ್ನ ನೋಡೋಕೆ. ಸೋಲಿಗೆ ಇವಳು ಕಾರಣ ಅಂತ ಒಂದು ದಿನಾನೂ ನನ್ನ ಮನಸ್ಸಿಗೆ ಬಂದಿಲ್ಲ. ಬರೀ ಬಾಯಲ್ಲಿ ಬಂತು." ಕುರ್ಚಿಯನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡರು. "ನೋವಾದ್ರೆ ಬಂದು ಹೇಳೋಕೆ ನನ್ನ ಮಗಳಿಗೆ ಭಯ ಆಗೋ ಹಾಗೆ ಮಾಡ್ಬಿಟ್ನಲ್ಲ ರೀ."

ಅನಘಾ ಕಣ್ಣು ತೆರೆಯಲಿಲ್ಲ. "ಅಪ್ಪ, ನಂಗೆ ಕೇಳಿಸ್ತಿದೆ" ಎಂದಳು.

"ಕೇಳಿಸ್ಲಿ ಅಂತಾನೇ ಹೇಳ್ತಿದೀನಿ, ಪುಟ್ಟಿ."

ಮಗಳ ಕೈ ಹೊದಿಕೆಯಿಂದ ಹೊರಗೆ ಬಂತು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮೇಗನ್‌ಗೆ ಒಂದು ಮಾತೂ ಅರ್ಥವಾಗಿರಲಿಲ್ಲ, ಆದರೂ ಅವಳೂ ಅತ್ತಳು, ನಾನೂ ಅತ್ತೆ.

ಅನಘಾ ಈಗ ಚೆನ್ನಾಗಿದ್ದಾಳೆ. ಡಾಕ್ಟರ್ ಒಪ್ಪಿದ ಮೇಲೆ ಮತ್ತೆ ಆಡುತ್ತಿದ್ದಾಳೆ. ಟೀಮು ಮೊದಲಿನ ಹಾಗೇ ಸೋಲುತ್ತಿದೆ, ಗುರುರಾಜ್ ಮೊದಲಿನ ಹಾಗೇ ಕೋಚನ್ನು ದೂರುತ್ತಿದ್ದಾರೆ. ಶ್ರೀಧರ್ ಮಾತ್ರ ಆ ಚರ್ಚೆಗೆ ಕೂರುವುದಿಲ್ಲ. ನನಗೂ ಅದರಲ್ಲಿ ರುಚಿ ಉಳಿದಿಲ್ಲ.

ಎಷ್ಟೋ ಸಲ ಆ ಒಂದು ವಾರ ನನ್ನ ಕಣ್ಣ ಮುಂದೆ ಬರುತ್ತದೆ. ತಲೆಯೊಳಗೆ ಅಂಥ ಪೆಟ್ಟನ್ನು ಇಟ್ಟುಕೊಂಡು ಆ ಹುಡುಗಿ ದಿನಾ ಅಪ್ಪನ ಪಕ್ಕದಲ್ಲಿ ಕೂತು ಊಟ ಮಾಡಿದಳು, ಅಪ್ಪನಿಗೆ ಗುಡ್‌ನೈಟ್ ಹೇಳಿ ಮಲಗಿದಳು. ಪ್ರಾಣ ತೆಗೆಯಬಹುದಾಗಿದ್ದ ನೋವಿಗಿಂತ ಅಪ್ಪನ ಒಂದು ಮಾತಿಗೆ ಅವಳು ಹೆಚ್ಚು ಹೆದರಿದ್ದಳು.